ತೋಟದ ಟೆಂಟಿನಲ್ಲಿ ಸ್ಮಾರ್ಟ್ ಪ್ಲಗ್: ಯಾವ ಕೆಲಸ ಒಪ್ಪಿಸಬಹುದು, ಯಾವುದನ್ನು ಒಪ್ಪಿಸಬಾರದು

ನಂದಿ ಬೆಟ್ಟ, ಸ್ಕಂದಗಿರಿ, ಆವಲಬೆಟ್ಟಗಳ ಆಸುಪಾಸಿನಲ್ಲಿ ಟೆಂಟ್ ಹಾಕಿ ರಾತ್ರಿ ಕಳೆಯುವವರಲ್ಲಿ ಹೆಚ್ಚಿನವರು ಕಾಡಿನಲ್ಲಿ ಉಳಿಯುವುದಿಲ್ಲ. ಅನುಮತಿಯಿಲ್ಲದೆ ಅರಣ್ಯದೊಳಗೆ ತಂಗುವಂತೆಯೂ ಇಲ್ಲ. ಟೆಂಟ್ ಏಳುವುದು ತಪ್ಪಲಿನ ಯಾವುದೋ ದ್ರಾಕ್ಷಿ ತೋಟದ ಅಂಚಿನಲ್ಲಿ ಅಥವಾ ಮಾವಿನ ತೋಪಿನ ನೆರಳಿನಲ್ಲಿ. ತೋಟದ ಮನೆಯಿಂದ ಒಂದು ವೈರ್ ಎಳೆದರೆ ಕರೆಂಟ್ ಸಿಗುತ್ತದೆ. ಅದಿಲ್ಲದ ಕಡೆ ಕಾರಿನ ಡಿಕ್ಕಿಯಲ್ಲಿ ತಂದ ಬ್ಯಾಟರಿ ಪೆಟ್ಟಿಗೆ ಇರುತ್ತದೆ. ಕರೆಂಟ್ ಸಿಕ್ಕ ಮೇಲೆ ಮುಂದಿನ ಆಸೆಗಳು ಸಹಜ. ಕತ್ತಲಾಗುತ್ತಲೇ ದೀಪ ತಾನಾಗಿ ಹತ್ತಲಿ, ನಡುರಾತ್ರಿ ಚಳಿ ಏರಿದಾಗ ಫ್ಯಾನ್ ತಾನಾಗಿ ನಿಲ್ಲಲಿ, ಬೆಟ್ಟ ಹತ್ತಿ ಇಳಿದು ಬರುವಷ್ಟರಲ್ಲಿ ಅನ್ನ ಆಗಿರಲಿ.

ಸಾಕೆಟ್ಟಿಗೂ ಉಪಕರಣಕ್ಕೂ ನಡುವೆ ಸಿಕ್ಕಿಸಿ, ಮೊಬೈಲಿನಿಂದಲೋ ವೇಳಾಪಟ್ಟಿಯಿಂದಲೋ ಆನ್ ಆಫ್ ಮಾಡುವ ಸ್ಮಾರ್ಟ್ ಪ್ಲಗ್ ಇವೆಲ್ಲವನ್ನೂ ಮಾಡಬಲ್ಲದು. ಆದರೆ ಮನೆಯಲ್ಲಿ ವರ್ಷಗಟ್ಟಲೆ ತಕರಾರಿಲ್ಲದೆ ನಡೆದ ಪ್ಲಗ್ ತೋಟದಲ್ಲಿ ಮೊದಲ ರಾತ್ರಿಯೇ ಕೈಕೊಡುವುದುಂಟು. ಅದಕ್ಕೆ ಕಾರಣ ಪ್ಲಗ್ಗಿನ ದೋಷವಲ್ಲ. ಮನೆಯಲ್ಲಿ ನಾವು ಗಮನಿಸದೇ ಒದಗಿಸುತ್ತಿದ್ದ ಕೆಲವು ಅನುಕೂಲಗಳು ತೋಟದಲ್ಲಿ ಇರುವುದಿಲ್ಲ, ಅಷ್ಟೆ. ಅವು ಯಾವುವು ಎಂದು ತಿಳಿದರೆ ಯಾವ ಕೆಲಸವನ್ನು ಇದಕ್ಕೆ ಒಪ್ಪಿಸಬೇಕು, ಯಾವುದನ್ನು ಕೈಯಾರೆ ಮಾಡಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ಪ್ಲಗ್ಗಿನ ಒಳಗೆ

ಸ್ಮಾರ್ಟ್ ಪ್ಲಗ್ಗಿನ ಒಳಗೆ ಮುಖ್ಯವಾಗಿ ಮೂರು ಭಾಗಗಳಿವೆ. ಒಂದು ರಿಲೇ, ಅಂದರೆ ಸಣ್ಣ ವಿದ್ಯುತ್ಕಾಂತದಿಂದ ಮುಚ್ಚಿ ತೆರೆಯುವ ಸ್ವಿಚ್. ಪ್ಲಗ್ ಆನ್ ಆಗುವಾಗ ಕೇಳಿಸುವ 'ಟಕ್' ಸದ್ದು ಅದರದ್ದೇ. ಎರಡನೆಯದು ವೈಫೈ ಇರುವ ಚಿಪ್. ಮೂರನೆಯದು ಆ ಚಿಪ್ಪಿಗೆ ಬೇಕಾದ ಕಡಿಮೆ ವೋಲ್ಟೇಜನ್ನು 230 ವೋಲ್ಟ್‌ನಿಂದ ಇಳಿಸಿಕೊಡುವ ಪುಟ್ಟ ಸರ್ಕ್ಯೂಟ್. ಕೆಲವು ಮಾದರಿಗಳಲ್ಲಿ ವಿದ್ಯುತ್ ಬಳಕೆ ಅಳೆಯುವ ಚಿಪ್ಪೂ ಇರುತ್ತದೆ. ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ನೀವು ಮೊಬೈಲಿನಲ್ಲಿ ಗುಂಡಿ ಒತ್ತಿದಾಗ ಆ ಆಜ್ಞೆ ಹೆಚ್ಚಿನ ಪ್ಲಗ್‌ಗಳಲ್ಲಿ ನೇರವಾಗಿ ಪ್ಲಗ್ಗಿಗೆ ಹೋಗುವುದಿಲ್ಲ. ಮೊದಲು ಇಂಟರ್ನೆಟ್ಟಿನ ಮೂಲಕ ಕಂಪನಿಯ ಸರ್ವರಿಗೆ ಹೋಗಿ, ಅಲ್ಲಿಂದ ಮರಳಿ ನಿಮ್ಮ ವೈಫೈಗೆ ಬಂದು ಪ್ಲಗ್ ತಲುಪುತ್ತದೆ. ಎರಡು ಮಾರು ದೂರದ ದೀಪ ಹಚ್ಚಲು ಇಷ್ಟು ಸುತ್ತಬೇಕು. ಬೆಟ್ಟದ ಹಿಂಬದಿಯ ತೋಟದಲ್ಲಿ ಮೊಬೈಲ್ ಸಿಗ್ನಲ್ ಒಂದೇ ಕಡ್ಡಿ ತೋರಿಸುತ್ತಿದ್ದರೆ ದೀಪ ಹತ್ತದೇ ಹೋಗಬಹುದು. 2022ರಲ್ಲಿ ಹೊರಬಂದ ಮ್ಯಾಟರ್ ಎಂಬ ಮಾನದಂಡಕ್ಕೆ ಒಗ್ಗುವ ಪ್ಲಗ್‌ಗಳು ಮತ್ತು ಬ್ಲೂಟೂತ್ ಪ್ಲಗ್‌ಗಳು ಸರ್ವರಿನ ಹಂಗಿಲ್ಲದೆ ಹತ್ತಿರದಿಂದಲೇ ಆಜ್ಞೆ ಪಡೆಯಬಲ್ಲವು. ತೋಟಕ್ಕೆ ಅವು ಮೇಲು.

ಆದರೆ ಹೆಚ್ಚು ಜನ ಎಡವುವುದು ಗಡಿಯಾರದ ವಿಷಯದಲ್ಲಿ. ಸಂಜೆ ಆರೂವರೆಗೆ ಹತ್ತಬೇಕೆಂದು ನೀವು ಹೊಂದಿಸಿದ ವೇಳಾಪಟ್ಟಿ ಬಹಳಷ್ಟು ಪ್ಲಗ್‌ಗಳಲ್ಲಿ ಪ್ಲಗ್ಗಿನೊಳಗೇ ಉಳಿದಿರುತ್ತದೆ. ಇಂಟರ್ನೆಟ್ ಹೋದರೂ ಅದು ನಡೆಯುತ್ತದೆ ಎಂಬ ಮಾತು ನಿಜ, ಆದರೆ ಅರ್ಧ ನಿಜ. ಈಗ ಗಂಟೆ ಎಷ್ಟು ಎಂಬುದನ್ನು ಪ್ಲಗ್ ತಿಳಿದುಕೊಳ್ಳುವುದು ಇಂಟರ್ನೆಟ್ಟಿನಿಂದ. ಒಮ್ಮೆ ತಿಳಿದ ಮೇಲೆ ಕರೆಂಟ್ ಇರುವಷ್ಟು ಹೊತ್ತು ಎಣಿಸುತ್ತಾ ಹೋಗುತ್ತದೆ. ಕೈಗಡಿಯಾರದಲ್ಲಿ ಇರುವಂತಹ ಬ್ಯಾಟರಿ ಸಾಮಾನ್ಯವಾಗಿ ಇದರಲ್ಲಿ ಇರುವುದಿಲ್ಲ. ಕರೆಂಟ್ ಒಂದು ನಿಮಿಷ ಹೋಗಿ ಬಂದರೂ ಅದರ ಲೆಕ್ಕ ಅಳಿಸಿಹೋಗುತ್ತದೆ. ಆಗ ಇಂಟರ್ನೆಟ್ ಇಲ್ಲದಿದ್ದರೆ ವೇಳಾಪಟ್ಟಿ ಇದ್ದೂ ವೇಳೆ ತಿಳಿಯದೆ ಪ್ಲಗ್ ಸುಮ್ಮನೆ ಕೂರುತ್ತದೆ.

ಹೀಗೆ ಪ್ಲಗ್ಗಿಗೆ ಕರೆಂಟ್, ನೆಟ್‌ವರ್ಕ್, ವೇಳೆ ಮೂರೂ ಬೇಕು. ತೋಟದಲ್ಲಿ ಇವು ಸರದಿಯ ಮೇಲೆ ಕೈಬಿಡುತ್ತವೆ.

ಹಗಲು ಕರೆಂಟೋ ರಾತ್ರಿ ಕರೆಂಟೋ

ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಮೂರೂ ಬೆಸ್ಕಾಂ ವ್ಯಾಪ್ತಿಯ ಜಿಲ್ಲೆಗಳು. ಇಲ್ಲಿನ ರೈತರಿಗೆ ಕೊಳವೆಬಾವಿಯೇ ಜೀವ. ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಕರೆಂಟ್ ಸಾಮಾನ್ಯವಾಗಿ ಪಾಳಿಯ ಮೇಲೆ ಬರುತ್ತದೆ. ಹಳ್ಳಿಯ ಮನೆಗಳಿಗೆ ಬೇರೆ ಫೀಡರ್, ಅಂದರೆ ಪ್ರತ್ಯೇಕ ವಿದ್ಯುತ್ ಲೈನ್, ಕೊಡಲು ನಿರಂತರ ಜ್ಯೋತಿ ಯೋಜನೆ ಬಂತು. ಆದರೂ ಊರಿಂದ ದೂರ ಇರುವ ಹಲವು ತೋಟದ ಮನೆಗಳು ಪಂಪ್‌ಸೆಟ್ ಫೀಡರಿನ ಮೇಲೆಯೇ ಉಳಿದಿವೆ. ಆದ್ದರಿಂದ ಟೆಂಟ್ ಹಾಕುವ ಮುನ್ನ ತೋಟದವರನ್ನು ಕೇಳಬೇಕಾದ ಮೊದಲ ಪ್ರಶ್ನೆ ವೈಫೈ ಬಗ್ಗೆ ಅಲ್ಲ. "ಅಣ್ಣಾ, ಈ ವಾರ ಹಗಲು ಕರೆಂಟೋ ರಾತ್ರಿ ಕರೆಂಟೋ?" ಎಂದು ಕೇಳಿ. ಪಾಳಿ ಬದಲಾಗುವ ಹೊತ್ತಿಗೆ ಕರೆಂಟ್ ಒಮ್ಮೆ ಹೋಗಿ ಬರುವುದು ಸಾಮಾನ್ಯ. ಬಂದ ಕೂಡಲೇ ಸುತ್ತಲಿನ ಮೋಟಾರುಗಳೆಲ್ಲ ಒಟ್ಟಿಗೆ ಏಳುವುದರಿಂದ ಕೆಲವು ಕ್ಷಣ ವೋಲ್ಟೇಜ್ ಕುಸಿಯುತ್ತದೆ. ಪ್ಲಗ್ಗಿನ ಗಡಿಯಾರ ಅಳಿಸಿಹೋಗುವುದು ಇಂಥ ಹೊತ್ತಿನಲ್ಲೇ.

ಇದರ ಜೊತೆಗೇ ಬರುವ ಇನ್ನೊಂದು ವಿಷಯ ಗಡಿಯಾರಕ್ಕಿಂತ ಗಂಭೀರವಾದದ್ದು. ಹೋದ ಕರೆಂಟ್ ಮರಳಿದಾಗ ಪ್ಲಗ್ ಆನ್ ಆಗಬೇಕೋ ಆಫ್ ಆಗಿಯೇ ಇರಬೇಕೋ ಅಥವಾ ಹಿಂದೆ ಹೇಗಿತ್ತೋ ಹಾಗೆಯೇ ಇರಬೇಕೋ ಎಂಬ ಆಯ್ಕೆ ಹೆಚ್ಚಿನ ಆ್ಯಪ್‌ಗಳಲ್ಲಿ ಇದೆ. ಯಾವುದೋ ಮೂಲೆಯಲ್ಲಿ ಇರುವ ಕಾರಣ ಬಹಳ ಜನ ಅದನ್ನು ನೋಡಿಯೇ ಇರುವುದಿಲ್ಲ. ಬಿಸಿ ಮಾಡುವ ಯಾವ ಉಪಕರಣವನ್ನು ಸಿಕ್ಕಿಸಿದ್ದರೂ ಅದು ಆಫ್ ಎಂದೇ ಇರಬೇಕು. ಸಂಜೆ ಕರೆಂಟ್ ಹೋದಾಗ ಇಸ್ತ್ರಿಪೆಟ್ಟಿಗೆಯೋ ಹೀಟರೋ ಆನ್ ಇದ್ದು, ನೀವು ಮರೆತು ಮಲಗಿ, ರಾತ್ರಿ ಎರಡಕ್ಕೆ ಕರೆಂಟ್ ಬಂದರೆ ಏನಾಗುತ್ತದೆ ಎಂಬುದನ್ನು ಯೋಚಿಸಿ. ದೀಪಕ್ಕಾದರೆ 'ಹಿಂದಿನಂತೆ' ಎಂಬ ಆಯ್ಕೆ ಸಾಕು.

ದೂರದಿಂದ ಕರೆಂಟ್ ಆನ್ ಮಾಡುವುದು ಈ ಭಾಗದ ರೈತರಿಗೆ ಹೊಸದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರಿಗೆ ಒಂದು ಕರೆ ಮಾಡಿ ಮೋಟಾರ್ ಏಳಿಸುವವರು ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಆ ಪೆಟ್ಟಿಗೆ ಮೂರೂ ಫೇಸ್ ಸರಿಯಿದೆಯೇ, ಬಾವಿಯಲ್ಲಿ ನೀರಿದೆಯೇ ಎಂದು ನೋಡಿಕೊಂಡು ಮೋಟಾರ್ ನಡೆಸುತ್ತದೆ. ಸ್ಮಾರ್ಟ್ ಪ್ಲಗ್ಗಿಗೆ ಆ ವಿವೇಕ ಇಲ್ಲ. ಸಿಕ್ಕಿಸಿದ ಉಪಕರಣ ಏನು, ಅದರಲ್ಲಿ ನೀರಿದೆಯೇ, ಪಕ್ಕದಲ್ಲಿ ಮಗು ಇದೆಯೇ ಎಂಬುದೊಂದೂ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಆ ಯೋಚನೆಯನ್ನು ಮುಂಚಿತವಾಗಿ ನಾವೇ ಮಾಡಬೇಕು.

ನನ್ನ ಪ್ರಕಾರ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡೇ. ಈ ಉಪಕರಣ ರಾತ್ರಿಯಿಡೀ ಆನ್ ಆಗಿಯೇ ಉಳಿದರೆ ಅಪಾಯವಿದೆಯೇ? ಆನ್ ಆಗಬೇಕಾದಾಗ ಆಗದೇ ಹೋದರೆ ನಷ್ಟವಿದೆಯೇ? ಎರಡಕ್ಕೂ ಇಲ್ಲ ಎಂಬ ಉತ್ತರ ಬಂದರೆ ಪ್ಲಗ್ಗಿಗೆ ಒಪ್ಪಿಸಿ. ಯಾವುದೇ ಒಂದಕ್ಕೆ ಹೌದು ಎಂದು ಬಂದರೂ ಬೇಡ.

ನೀರು ಕಾಯಿಸುವ ರಾಡ್: ಬೇಡವೇ ಬೇಡ

ಚಳಿಗಾಲದ ಬೆಳಗ್ಗೆ ಚಿಕ್ಕಬಳ್ಳಾಪುರದ ಮಂಜಿನಲ್ಲಿ ಎದ್ದವರಿಗೆ ಬಿಸಿನೀರಿನ ಸ್ನಾನ ಎಂದರೆ ಸ್ವರ್ಗ. ಬಕೆಟ್ಟಿನಲ್ಲಿ ಹೀಟರ್ ರಾಡ್ ಇಳಿಬಿಟ್ಟು, ಐದು ಗಂಟೆಗೆ ಆನ್ ಆಗುವಂತೆ ಪ್ಲಗ್ ಹೊಂದಿಸಿದರೆ ಮುಗಿಯಿತಲ್ಲವೇ ಎಂದು ಎಲ್ಲರಿಗೂ ಅನ್ನಿಸುತ್ತದೆ. ಟೆಂಟಿನ ಬಳಿ ಸ್ಮಾರ್ಟ್ ಪ್ಲಗ್ಗಿಗೆ ಒಪ್ಪಿಸಬಹುದಾದ ಕೆಲಸಗಳಲ್ಲಿ ಅತಿ ಅಪಾಯದ್ದು ಇದೇ. ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಸಾಮಾನ್ಯ ಸ್ಮಾರ್ಟ್ ಪ್ಲಗ್ಗಿನಲ್ಲಿ ಇರುವುದು ಒಂದೇ ರಿಲೇ. ಅದು ಎರಡು ವೈರ್‌ಗಳ ಪೈಕಿ ಒಂದನ್ನು ಮಾತ್ರ ಕತ್ತರಿಸುತ್ತದೆ. ಗೋಡೆಯ ಸಾಕೆಟ್ಟಿನಲ್ಲಿ ಫೇಸ್ (ಕರೆಂಟ್ ತರುವ ವೈರ್) ಮತ್ತು ನ್ಯೂಟ್ರಲ್ (ಅದು ಮರಳುವ ವೈರ್) ತಮ್ಮ ತಮ್ಮ ಜಾಗದಲ್ಲಿದ್ದರೆ ಅದು ಕತ್ತರಿಸುವುದು ಫೇಸನ್ನು. ಆದರೆ ಆತುರದಲ್ಲಿ ವೈರಿಂಗ್ ಮಾಡಿದ ಪಂಪ್ ಕೊಠಡಿಗಳಲ್ಲಿ, ಮನೆಯಲ್ಲೇ ಜೋಡಿಸಿದ ಎಕ್ಸ್‌ಟೆನ್ಷನ್ ಬೋರ್ಡುಗಳಲ್ಲಿ ಅವು ಅದಲುಬದಲಾಗಿರುವುದು ಅಪರೂಪವಲ್ಲ. ಆಗ ಪ್ಲಗ್ ನ್ಯೂಟ್ರಲ್ ಕತ್ತರಿಸುತ್ತದೆ. ರಾಡ್ ಕಾಯುವುದಿಲ್ಲ, ಆ್ಯಪ್ ಆಫ್ ಎಂದು ತೋರಿಸುತ್ತದೆ. ಆದರೆ 230 ವೋಲ್ಟ್ ರಾಡಿನೊಳಗಿನ ಕಾಯಿಲ್‌ವರೆಗೂ ಬಂದು ನಿಂತಿರುತ್ತದೆ. ಹಳೆಯ ರಾಡಿನ ಹೊದಿಕೆಯಲ್ಲಿ ಸಣ್ಣ ಬಿರುಕಿದ್ದರೂ ಸಾಕು. ನೀರಿಗೆ ಬೆರಳಿಟ್ಟವರ ದೇಹ, ಬರಿಗಾಲು, ಒದ್ದೆ ಮಣ್ಣು ಇವುಗಳ ಮೂಲಕ ಕರೆಂಟ್ ನೆಲಕ್ಕೆ ಇಳಿಯುತ್ತದೆ. ತೋಟದಲ್ಲಿ ನಿಂತಿರುವುದು ಒದ್ದೆ ಮಣ್ಣಿನ ಮೇಲೆಯೇ.

ಇನ್ನೊಂದು ಕಾರಣ ರಿಲೇಯ ತುದಿಗಳು. ಪ್ರತಿ ಸಲ ತೆರೆದು ಮುಚ್ಚುವಾಗ ಅವುಗಳ ನಡುವೆ ಸಣ್ಣ ಕಿಡಿ ಹಾರುತ್ತದೆ. ಭಾರಿ ಕರೆಂಟ್ ಹರಿಯುವ ಉಪಕರಣಗಳಲ್ಲಿ ಈ ಕಿಡಿ ದೊಡ್ಡದು. ಕ್ರಮೇಣ ತುದಿಗಳು ಕರಗಿ ಒಂದಕ್ಕೊಂದು ಅಂಟಿಕೊಳ್ಳಬಹುದು. ಹಾಗೆ ಅಂಟಿದ ಮೇಲೆ ಆಫ್ ಆಜ್ಞೆ ಕೊಟ್ಟರೆ ಕಾಂತ ಬಿಡುತ್ತದೆ, ಆ್ಯಪ್ ಆಫ್ ಎನ್ನುತ್ತದೆ, ಕರೆಂಟ್ ಮಾತ್ರ ಹರಿಯುತ್ತಲೇ ಇರುತ್ತದೆ. ಫ್ರಿಜ್, ಪಂಪಿನಂತಹ ಮೋಟಾರ್ ಇರುವ ಉಪಕರಣಗಳು ಏಳುವ ಕ್ಷಣದಲ್ಲಿ ತಮ್ಮ ಮಾಮೂಲಿ ಬಳಕೆಯ ಹಲವು ಪಟ್ಟು ಕರೆಂಟ್ ಎಳೆಯುವುದರಿಂದ ಅವುಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಪೆಟ್ಟಿಗೆಯ ಮೇಲೆ ಬರೆದ 10 ಅಥವಾ 16 ಆಂಪ್ ಎಂಬ ಅಂಕಿ ಸಾಮಾನ್ಯವಾಗಿ ಬಲ್ಬು, ಹೀಟರಿನಂತಹ ಸಾದಾ ಉಪಕರಣಕ್ಕೆ ಹೇಳಿದ್ದು, ಮೋಟಾರಿಗಲ್ಲ.

ಆದ್ದರಿಂದ ಆ್ಯಪಿನ ಆಫ್ ಅನ್ನು ಯಾವತ್ತೂ ನಂಬಿ ಉಪಕರಣ ಮುಟ್ಟಬೇಡಿ. ಪ್ಲಗ್ಗನ್ನು ಕಿತ್ತು ಕೈಯಲ್ಲಿ ಹಿಡಿದ ಮೇಲೆಯೇ ಅದು ಆಫ್. ಬಿಸಿನೀರು ಬೇಕಿದ್ದರೆ ತೋಟದ ಮನೆಯ ಹಂಡೆ ಇದೆ, ಸೌದೆ ಇದೆ. ಇಲ್ಲವೇ ಎಚ್ಚರವಿದ್ದು, ಎದುರಿಗೆ ನಿಂತು, ಕರೆಂಟ್ ನೆಲಕ್ಕೆ ಸೋರಿದ ಕೂಡಲೇ ಲೈನ್ ಕಡಿಯುವ ಆರ್‌ಸಿಸಿಬಿ ಇರುವ ಲೈನಿನಲ್ಲಿ ಕಾಯಿಸಿಕೊಳ್ಳಿ.

ರೈಸ್ ಕುಕ್ಕರ್: ಒಪ್ಪಿಸಬಹುದು

ಎರಡು ಪ್ರಶ್ನೆಗಳಿಗೂ ಸಲೀಸಾಗಿ ಉತ್ತರ ಕೊಡುವ ಉಪಕರಣ ಸಾದಾ ರೈಸ್ ಕುಕ್ಕರ್. ಡಿಜಿಟಲ್ ಪರದೆ ಇರುವುದಲ್ಲ, ಮುಂದೆ ಒಂದೇ ಒಂದು ಲಿವರ್ ಇರುವ ಹಳೆಯ ಮಾದರಿ. ಅದರ ಪಾತ್ರೆಯ ತಳಕ್ಕೆ ತಾಗಿಕೊಂಡು ಸ್ಪ್ರಿಂಗಿನ ಮೇಲೆ ಕುಳಿತ ಒಂದು ಬಿಲ್ಲೆ ಇರುತ್ತದೆ. ಅದರೊಳಗೆ ಕಾಂತವಿದೆ. ನೀವು ಲಿವರ್ ಒತ್ತಿದಾಗ ಕಾಂತ ಹಿಡಿದುಕೊಳ್ಳುತ್ತದೆ. ಹಿಡಿಯಲು ಅದಕ್ಕೆ ಕರೆಂಟ್ ಬೇಕಿಲ್ಲ. ಹಾಗಾಗಿ ಪ್ಲಗ್ ಆಫ್ ಇರುವಾಗಲೇ ಲಿವರ್ ಒತ್ತಿಟ್ಟು ಹೋಗಬಹುದು. ಪ್ಲಗ್ ಆನ್ ಆದಾಗ ಬೇಯಲು ತೊಡಗುತ್ತದೆ. ಪಾತ್ರೆಯಲ್ಲಿ ನೀರಿರುವವರೆಗೆ ತಳದ ಬಿಸಿ 100 ಡಿಗ್ರಿ ದಾಟುವುದಿಲ್ಲ. ನೀರೆಲ್ಲ ಅಕ್ಕಿಗೆ ಇಳಿದ ಮೇಲೆ ಬಿಸಿ ಅದಕ್ಕಿಂತ ಕೆಲವು ಡಿಗ್ರಿ ಏರುತ್ತದೆ. ಆ ಬಿಸಿಗೆ ಬಿಲ್ಲೆಯಲ್ಲಿನ ವಿಶೇಷ ಮಿಶ್ರಣ ತನ್ನ ಕಾಂತಗುಣ ಕಳೆದುಕೊಂಡು ಲಿವರನ್ನು ಬಿಟ್ಟುಬಿಡುತ್ತದೆ. ಅನ್ನ ಸೀಯುವ ಮುನ್ನವೇ ಕುಕ್ಕರ್ ಬೆಚ್ಚಗಿಡುವ ಸ್ಥಿತಿಗೆ ಬರುತ್ತದೆ.

ನಸುಕಿಗೆ ಬೆಟ್ಟಕ್ಕೆ ಹೊರಡುವಾಗ ಅಕ್ಕಿ ತೊಳೆದು, ನೀರು ಹಾಕಿ, ಲಿವರ್ ಒತ್ತಿ, ಎಂಟು ಗಂಟೆಗೆ ಆನ್ ಆಗುವಂತೆ ಇಟ್ಟು ಹೋಗಿ. ಪ್ಲಗ್ ಸಮಯಕ್ಕೆ ಆನ್ ಆಗದಿದ್ದರೆ ನೆನೆದ ಅಕ್ಕಿ ನಿಮ್ಮನ್ನು ಕಾಯುತ್ತಿರುತ್ತದೆ, ಬಂದು ಹಚ್ಚಿದರೆ ಬೇಗ ಬೇಯುತ್ತದೆ. ಆಫ್ ಆಗದಿದ್ದರೆ ಅನ್ನ ಬೆಚ್ಚಗಿರುತ್ತದೆ. ಬೇಸಿಗೆಯ ಮಧ್ಯಾಹ್ನ ಮಾತ್ರ ಅಕ್ಕಿಯನ್ನು ಗಂಟೆಗಟ್ಟಲೆ ನೆನೆಸಿಡಬೇಡಿ, ಹುಳಿಯುತ್ತದೆ. ಕುಕ್ಕರನ್ನು ಟೆಂಟಿನ ಒಳಗಲ್ಲ, ತೋಟದ ಮನೆಯ ಜಗಲಿಯಲ್ಲೂ ಅಲ್ಲ, ಒಳಗಿನ ಕೋಣೆಯಲ್ಲಿ ಕಲ್ಲಿನ ಮೇಲೆ ಇಟ್ಟು ಬಾಗಿಲು ಹಾಕಿ. ನಂದಿ ಬೆಟ್ಟದ ತಪ್ಪಲಿರಲಿ, ದೇವರಾಯನದುರ್ಗವಿರಲಿ, ಅನ್ನದ ವಾಸನೆ ಕೋತಿಗಳಿಗೆ ನಮಗಿಂತ ಮುಂಚೆ ತಲುಪುತ್ತದೆ.

ಇಂಡಕ್ಷನ್ ಸ್ಟವ್ ಈ ಕೆಲಸಕ್ಕೆ ಬಾರದು. ಕರೆಂಟ್ ಬಂದರೂ ಅದು ಗುಂಡಿ ಒತ್ತುವವರನ್ನು ಕಾಯುತ್ತಾ ನಿಲ್ಲುತ್ತದೆ. ದೀಪದ ಸರ, ಮೊಬೈಲ್ ಚಾರ್ಜರ್, ಸಾದಾ ಗುಂಡಿಯ ಫ್ಯಾನ್, ಇವೆಲ್ಲ ಧಾರಾಳವಾಗಿ ಆಗಬಹುದು.

ಬ್ಯಾಟರಿ ಪೆಟ್ಟಿಗೆಯ ಲೆಕ್ಕ

ತೋಟದ ಕರೆಂಟ್ ಬಿಟ್ಟು ಪವರ್ ಸ್ಟೇಷನ್ ಎಂದು ಮಾರುವ ಬ್ಯಾಟರಿ ಪೆಟ್ಟಿಗೆ ತರುವವರಿಗೆ ಲೆಕ್ಕವೇ ಬೇರೆ. 500 ವಾಟ್-ಗಂಟೆಯ, ಅಂದರೆ 500 ವಾಟ್‌ನ ಉಪಕರಣವನ್ನು ಒಂದು ಗಂಟೆ ನಡೆಸುವಷ್ಟು ವಿದ್ಯುತ್ ಹಿಡಿಯುವ ಪೆಟ್ಟಿಗೆ ಇದೆ ಎನ್ನಿ. ಹದಿನೈದು ಲೀಟರ್ ನೀರನ್ನು 20 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಲು ಸುಮಾರು 350 ವಾಟ್-ಗಂಟೆ ಬೇಕು. ಬ್ಯಾಟರಿಯ ಕರೆಂಟನ್ನು 230 ವೋಲ್ಟ್‌ಗೆ ಬದಲಿಸುವಾಗ ಆಗುವ ನಷ್ಟ ಸೇರಿಸಿದರೆ ಒಂದೇ ಒಂದು ಬಕೆಟ್ ಬಿಸಿನೀರಿಗೆ ಇಡೀ ಪೆಟ್ಟಿಗೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಹೋಗುತ್ತದೆ. ಅಷ್ಟೇ ವಿದ್ಯುತ್ತಿನಲ್ಲಿ 30 ವಾಟ್‌ನ ಫ್ಯಾನ್ ರಾತ್ರಿಯಿಡೀ ತಿರುಗಿ, 10 ವಾಟ್‌ನ ದೀಪದ ಸರ ಐದು ಗಂಟೆ ಉರಿದು, ಇನ್ನೂ ಮೊಬೈಲ್‌ಗಳಿಗೆ ಉಳಿಯುತ್ತದೆ. ಬಿಸಿ ಮಾಡುವುದು ದುಬಾರಿ, ಬೆಳಕು ಮತ್ತು ಗಾಳಿ ಅಗ್ಗ. ಇದೊಂದು ತಿಳಿದರೆ ಪೆಟ್ಟಿಗೆಯ ಅರ್ಧ ತಾಪತ್ರಯ ತಪ್ಪುತ್ತದೆ.

ಬಳಕೆ ಅಳೆಯುವ ಪ್ಲಗ್ ಕೊಳ್ಳಿ ಎಂದದ್ದು ಇದಕ್ಕೇ. ಹೊರಡುವ ವಾರ ಮನೆಯಲ್ಲೇ ಪ್ರತಿ ಉಪಕರಣವನ್ನೂ ಅದಕ್ಕೆ ಸಿಕ್ಕಿಸಿ ಎಷ್ಟು ವಾಟ್ ಎಳೆಯುತ್ತದೆ, ಒಂದು ಪಾವು ಅಕ್ಕಿ ಬೇಯಲು ಒಟ್ಟು ಎಷ್ಟು ಬೇಕಾಯಿತು ಎಂದು ಬರೆದಿಟ್ಟುಕೊಳ್ಳಿ. ಯಾವುದನ್ನು ತರಬೇಕು, ಯಾವುದನ್ನು ಮನೆಯಲ್ಲೇ ಬಿಡಬೇಕು ಎಂಬುದು ಆ ಚೀಟಿಯಲ್ಲೇ ಇರುತ್ತದೆ. ಟೆಂಟಿಗೆ ಹೋಗುವವರಿಗೆ ಸ್ಮಾರ್ಟ್ ಪ್ಲಗ್ಗಿನಿಂದ ಆಗುವ ದೊಡ್ಡ ಉಪಕಾರ ಇದೇ ಎಂಬುದು ನನ್ನ ಅಭಿಪ್ರಾಯ.

ಪೆಟ್ಟಿಗೆಯ ಜೊತೆ ಪ್ಲಗ್ ಬಳಸುವಾಗ ಕಾಡುವ ಒಂದು ಸಮಸ್ಯೆಗೆ ಕಾರಣ ಹೊಳೆಯದೆ ಎಷ್ಟೋ ಜನ ಪ್ಲಗ್ ಬದಲಾಯಿಸಿದ್ದಾರೆ. ಬ್ಯಾಟರಿ ಉಳಿಸಲು ಅನೇಕ ಪೆಟ್ಟಿಗೆಗಳು, ಯಾರೂ ಕರೆಂಟ್ ಎಳೆಯುತ್ತಿಲ್ಲ ಎನಿಸಿದರೆ 230 ವೋಲ್ಟ್ ಔಟ್‌ಪುಟ್ಟನ್ನು ತಾವಾಗಿ ನಿಲ್ಲಿಸುತ್ತವೆ. ಪ್ಲಗ್ ಫ್ಯಾನನ್ನು ಆಫ್ ಮಾಡಿದ ಮೇಲೆ ಉಳಿಯುವುದು ಪ್ಲಗ್ಗಿನ ಸ್ವಂತ ಬಳಕೆ, ಸುಮಾರು ಒಂದು ವಾಟ್. ಅದು ಪೆಟ್ಟಿಗೆಯ ಲೆಕ್ಕಕ್ಕೆ ಬರುವುದಿಲ್ಲ. ಔಟ್‌ಪುಟ್ ನಿಲ್ಲುತ್ತದೆ, ಪ್ಲಗ್ಗಿನ ಜೀವ ಹೋಗುತ್ತದೆ, ಬೆಳಗಿನ ವೇಳಾಪಟ್ಟಿ ನಡೆಯುವುದಿಲ್ಲ. ಪೆಟ್ಟಿಗೆಯ ಸೆಟ್ಟಿಂಗಿನಲ್ಲಿ ಈ ಉಳಿತಾಯದ ಆಯ್ಕೆಯನ್ನು ತೆಗೆದುಹಾಕಬಹುದು. ಆದರೆ ಆಗ ಬ್ಯಾಟರಿಯ ಕರೆಂಟನ್ನು 230 ವೋಲ್ಟ್ ಮಾಡಿಕೊಡುವ, ಪೆಟ್ಟಿಗೆಯೊಳಗಿನ ಇನ್ವರ್ಟರ್ ರಾತ್ರಿಯಿಡೀ ಸುಮ್ಮನೆ ಎಚ್ಚರವಿದ್ದು ತನ್ನ ಪಾಲು ತಿನ್ನುತ್ತದೆ. ಗಂಟೆಗೆ 10 ವಾಟ್-ಗಂಟೆಯಂತೆ ಹಿಡಿದರೂ ಹನ್ನೆರಡು ಗಂಟೆಗೆ 120 ವಾಟ್-ಗಂಟೆ ಹೋಯಿತು. ಪೆಟ್ಟಿಗೆಯಲ್ಲೇ ಇರುವ ಯುಎಸ್‌ಬಿ ಕಿಂಡಿಗೆ ನೇರವಾಗಿ ಹಾಕುವ ದೀಪ, ಫ್ಯಾನ್‌ಗಳು ಸಿಗುತ್ತವೆ. ಟೈಮರ್ ಇರುವ ಯುಎಸ್‌ಬಿ ಫ್ಯಾನ್ ತಂದರೆ ಪ್ಲಗ್ಗೂ ಬೇಡ, ಇನ್ವರ್ಟರೂ ಬೇಡ. ಅಗ್ಗದ ಇನ್ವರ್ಟರ್‌ಗಳು ಶುದ್ಧ ಸೈನ್ ಅಲೆಯ ಬದಲು ಮೆಟ್ಟಿಲಿನಾಕಾರದ ಅಲೆ ಕೊಡುತ್ತವೆ. ಅವುಗಳ ಮೇಲೆ ಕೆಲವು ಸ್ಮಾರ್ಟ್ ಪ್ಲಗ್‌ಗಳ ಒಳಗಿನ ಸರ್ಕ್ಯೂಟ್ ಬಿಸಿಯಾಗಿ ಕೆಡುತ್ತದೆ. ಕೊಳ್ಳುವಾಗ ಪ್ಯೂರ್ ಸೈನ್ ವೇವ್ ಎಂದು ಕೇಳಿ ಕೊಳ್ಳಿ.

ವೈರ್, ಮಂಜು, ಮಣ್ಣು

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 150 ಕಿಲೋಮೀಟರ್ ದೂರ ವಿದ್ಯುತ್ ಸಾಗಿಸಿದಾಗ ಅದನ್ನು ಹತ್ತಾರು ಸಾವಿರ ವೋಲ್ಟ್‌ಗೆ ಏರಿಸಿ ಕಳುಹಿಸಿದರು. ವೈರಿನಲ್ಲಿ ಹರಿಯುವ ಕರೆಂಟ್ ಎರಡು ಪಟ್ಟಾದರೆ ದಾರಿಯಲ್ಲಿ ಆಗುವ ನಷ್ಟ ನಾಲ್ಕು ಪಟ್ಟಾಗುತ್ತದೆ. ವೋಲ್ಟೇಜ್ ಏರಿಸಿದರೆ ಅದೇ ವಿದ್ಯುತ್ತನ್ನು ಕಡಿಮೆ ಕರೆಂಟಿನಲ್ಲಿ ಸಾಗಿಸಬಹುದು. ಟೆಂಟಿನ ಬಳಿ ನಮಗೆ ಆ ಅವಕಾಶವಿಲ್ಲ. ಸಿಗುವುದು 230 ವೋಲ್ಟ್ ಮಾತ್ರ. ಆದ್ದರಿಂದ ವೈರ್ ದಪ್ಪಗಿರಬೇಕು, ದೂರ ಕಡಿಮೆ ಇರಬೇಕು. ತೋಟದ ಮನೆಯಿಂದ 30 ಮೀಟರ್ ದೂರಕ್ಕೆ 0.75 ಚದರ ಮಿಲಿಮೀಟರಿನ ತೆಳು ವೈರ್ ಎಳೆದು 1500 ವಾಟ್‌ನ ಉಪಕರಣ ಹಚ್ಚಿದರೆ ಸುಮಾರು 10 ವೋಲ್ಟ್ ದಾರಿಯಲ್ಲೇ ಸೋರಿ, 65 ವಾಟ್‌ನಷ್ಟು ಬಿಸಿ ಆ ವೈರಿನಲ್ಲಿ ಹುಟ್ಟುತ್ತದೆ. ನೆಲದ ಮೇಲೆ ಬಿಡಿಸಿದ ವೈರಿನಲ್ಲಿ ಆ ಬಿಸಿ ಗಾಳಿಗೆ ಹೋಗುತ್ತದೆ. ಸುರುಳಿ ಸುತ್ತಿದ ಹಾಗೆಯೇ ಬಿಟ್ಟರೆ ಒಳಗೇ ಉಳಿದು ವೈರಿನ ಹೊದಿಕೆ ಕರಗುತ್ತದೆ. ಭಾರಿ ಉಪಕರಣಕ್ಕೆ 2.5 ಚದರ ಮಿಲಿಮೀಟರ್, ದೀಪ ಫ್ಯಾನ್‌ಗಳಿಗೆ 1.5 ಸಾಕು. ಸುರುಳಿಯನ್ನು ಪೂರ್ತಿ ಬಿಡಿಸಿ.

16 ಆಂಪ್‌ನ ಸ್ಮಾರ್ಟ್ ಪ್ಲಗ್ಗಿನ ಪಿನ್ನು ದಪ್ಪ. ಅದು 6 ಆಂಪ್‌ನ ಸಾಕೆಟ್ಟಿಗೆ ಹೋಗುವುದಿಲ್ಲ. ಹೋಗದಂತೆ ಮಾಡಿರುವುದಕ್ಕೆ ಕಾರಣವಿದೆ. ನಡುವೆ ಅಡಾಪ್ಟರ್ ಸಿಕ್ಕಿಸಿ ಜೋಡಿಸಿದರೆ ಸಾಕೆಟ್ಟಿನ ಹಿಂದಿನ ಸಣ್ಣ ವೈರ್ ಕಾಯುತ್ತದೆ.

ಮನೆಯೊಳಗಿನ ಬಳಕೆಗೆಂದು ಮಾಡಿದ ಪ್ಲಗ್‌ಗಳಿಗೆ ನೀರಿನಿಂದ ಯಾವ ರಕ್ಷಣೆಯೂ ಇಲ್ಲ. ನಂದಿ ಬೆಟ್ಟ 1478 ಮೀಟರ್ ಎತ್ತರದ್ದು. ಅದರ ಸುತ್ತ ಡಿಸೆಂಬರ್, ಜನವರಿಯ ನಸುಕಿನಲ್ಲಿ ಇಬ್ಬನಿ ಟೆಂಟಿನಿಂದ ತೊಟ್ಟಿಕ್ಕುತ್ತದೆ. ಮಳೆ ಬರದಿದ್ದರೂ ಪ್ಲಗ್ ಒದ್ದೆಯಾಗುತ್ತದೆ. ಪ್ಲಾಸ್ಟಿಕ್ ಚೀಲ ಸುತ್ತಿದರೆ ಪ್ಲಗ್ಗಿನ ಬಿಸಿಯೂ ತೇವವೂ ಒಳಗೇ ಉಳಿಯುತ್ತವೆ, ಅದು ಬೇಡ. ನೀರು ಸಿಡಿದರೂ ತಡೆಯುತ್ತದೆ ಎಂದು ಸೂಚಿಸುವ ಐಪಿ44 ಅಥವಾ ಅದಕ್ಕಿಂತ ಮೇಲಿನ ಗುರುತಿರುವ ಹೊರಾಂಗಣ ಪ್ಲಗ್ ತನ್ನಿ. ಇಲ್ಲದಿದ್ದರೆ ಪ್ಲಗ್ಗನ್ನು ಗೋಡೆಯ ಸಾಕೆಟ್ಟಿನಲ್ಲೇ ಬಿಟ್ಟು ಅದರಿಂದ ಹೊರಟ ವೈರನ್ನು ಮಾತ್ರ ಟೆಂಟಿಗೆ ತನ್ನಿ. ಎರಡನೆಯ ದಾರಿ ಖರ್ಚಿಲ್ಲದ್ದು. ಅರ್ಥಿಂಗ್ ಇದೆಯೇ, ಮೇನ್ಸ್ ಬಳಿ 30 ಮಿಲಿ ಆಂಪ್‌ನ ಆರ್‌ಸಿಸಿಬಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಇದ್ದರೆ ಅದರ ಪರೀಕ್ಷಾ ಗುಂಡಿ ಒತ್ತಿ, ಲೈನ್ ಕಟ್ ಆಗುತ್ತದೆಯೇ ನೋಡಿ. ಇಲ್ಲದಿದ್ದರೆ ಆ ರಾತ್ರಿ ಯುಎಸ್‌ಬಿ ದೀಪವೇ ಸಾಕು.

ನೆಟ್‌ವರ್ಕ್ ಇಲ್ಲದಾಗ

ಹೆಚ್ಚಿನ ಪ್ಲಗ್‌ಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಕಾಣುತ್ತದೆ. ಮೊಬೈಲ್ ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್‌ನಲ್ಲಿದ್ದರೆ ಪ್ಲಗ್ ಹುಡುಕುತ್ತಲೇ ಇರುತ್ತದೆ. ಅದನ್ನು ಬದಲಿಸಿಕೊಳ್ಳಿ. ಹಾಟ್‌ಸ್ಪಾಟಿಗೆ ನಿಮ್ಮ ಮನೆಯ ವೈಫೈನ ಹೆಸರು ಮತ್ತು ಪಾಸ್‌ವರ್ಡನ್ನೇ ಅಕ್ಷರಶಃ ಕೊಟ್ಟರೆ ತೋಟದಲ್ಲಿ ಪ್ಲಗ್ಗನ್ನು ಮತ್ತೆ ಹೊಸದಾಗಿ ಜೋಡಿಸುವ ಕೆಲಸ ತಪ್ಪುತ್ತದೆ. ಅದು ಮನೆಯಲ್ಲೇ ಇದ್ದೇನೆಂದು ತಿಳಿದು ಸೇರಿಕೊಳ್ಳುತ್ತದೆ. ಆದರೆ ಹಾಟ್‌ಸ್ಪಾಟ್ ಕೊಟ್ಟ ಮೊಬೈಲ್ ನಿಮ್ಮ ಜೇಬಿನಲ್ಲಿ ಬೆಟ್ಟ ಹತ್ತಿದರೆ ವೈಫೈ ಸಹ ಬೆಟ್ಟ ಹತ್ತಿದಂತೆ. ಹಳೆಯ ಮೊಬೈಲೊಂದಕ್ಕೆ ಸಿಮ್ ಹಾಕಿ ಚಾರ್ಜಿಗಿಟ್ಟು ತೋಟದ ಮನೆಯಲ್ಲೇ ಬಿಟ್ಟು ಹೋಗುವುದು ಒಳ್ಳೆಯದು.

ಇಷ್ಟೂ ಬೇಡ, ಒಂದೇ ರಾತ್ರಿಯ ಮಾತು ಎನ್ನುವವರಿಗೆ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುವ 24 ಗಂಟೆಯ ಮೆಕ್ಯಾನಿಕಲ್ ಟೈಮರ್ ಪ್ಲಗ್ಗನ್ನೇ ನಾನು ಹೇಳುತ್ತೇನೆ. ಬಿಲ್ಲೆಯ ಸುತ್ತ ಹದಿನೈದು ಹದಿನೈದು ನಿಮಿಷಕ್ಕೊಂದು ಸಣ್ಣ ಹಲ್ಲು ಇರುತ್ತದೆ. ಬೇಕಾದ ಹೊತ್ತಿನ ಹಲ್ಲುಗಳನ್ನು ಒತ್ತಿ, ಬಿಲ್ಲೆಯನ್ನು ಈಗಿನ ಗಂಟೆಗೆ ತಿರುಗಿಸಿಟ್ಟರೆ ಆಯಿತು. ವೈಫೈ ಬೇಡ, ಆ್ಯಪ್ ಬೇಡ. ಕರೆಂಟ್ ಹೋದರೆ ಇದು ಗಂಟೆಯನ್ನು ಮರೆಯುವುದಿಲ್ಲ, ನಿಂತಲ್ಲೇ ನಿಂತು ಕರೆಂಟ್ ಬಂದಾಗ ಮುಂದುವರಿಯುತ್ತದೆ. ಕರೆಂಟ್ ನಲವತ್ತು ನಿಮಿಷ ಇರಲಿಲ್ಲ ಎಂದರೆ ದೀಪ ನಲವತ್ತು ನಿಮಿಷ ತಡವಾಗಿ ಹತ್ತುತ್ತದೆ. ಬೆಳಗ್ಗೆ ಎದ್ದು ಬಿಲ್ಲೆಯನ್ನು ಮತ್ತೆ ಸರಿಯಾದ ಗಂಟೆಗೆ ತಿರುಗಿಸಿಕೊಳ್ಳಬೇಕು.